ಎರಡನೆಯ ಸಾಕ್ಷಿ

ಸ್ಪಾಸಿಯಾ ಟೀಚರ್ ಬಟ್ಟಲಿನಿಂದ ಒಂದು ಇಡೀ ಅಂಜೂರವನ್ನು ಚಮಚದಲ್ಲಿ ಎತ್ತಿ, ಪಾಕ ಮಡಿಲಿಗೆ ತೊಟ್ಟಿಕ್ಕದ ಹಾಗೆ ಕೆಳಗೆ ಅಂಗೈ ಒಡ್ಡಿ, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನೆವೆಂಕಾಳ ಕೈಯಲ್ಲಿದ್ದ ಸುಟ್ಟ ಮೆಣಸಿನಕಾಯಿ ಜಾರಿ ಬೋಗುಣಿಗೆ ಬಿತ್ತು. ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗಿನಿಂದ, ಅಂದರೆ ಒಂಬತ್ತು ವರ್ಷದಿಂದ, ಈ ಮನೆಗೆ ಯಾರು ಬಂದರೂ ಟೀಚರ್ ತಟ್ಟೆಯಲ್ಲಿ ಸ್ಲಾತ್ಕೊ ಬಟ್ಟಲು, ಚಮಚಗಳು, ತಣ್ಣೀರಿನ ಲೋಟಗಳನ್ನಿಟ್ಟು ತರುತ್ತಿದ್ದರು. ಬಂದವರು ಪಾಕದಲ್ಲಿ ಬೆಂದ ಹಣ್ಣನ್ನು ಒಂದು ಚಮಚ ತಿಂದು ನೀರು ಕುಡಿದ ಮೇಲೆಯೇ ಮಾತು. ತಾವು ಮಾತ್ರ ಬರಿಯ ನೀರು ಕುಡಿದು, ‘ನನ್ನ ಪಾಲಿಂದೂ ನೀವೇ ತಿಂದ್ಬಿಡಿ’ ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಮುಖದಲ್ಲಿ ಒಂದು ಪುಟ್ಟ ಹೆಮ್ಮೆ ಇರುತ್ತಿತ್ತು, ಹಬ್ಬದ ಉಪವಾಸ ಹಿಡಿದವರಿಗೆ ಇರುವಂಥದ್ದು. ಈಗ ಅದು ಇರಲಿಲ್ಲ. ನಾಲಗೆಯ ಮೇಲೆ ಅಂಜೂರದ ಬೀಜ ಒಂದೊಂದಾಗಿ ಒಡೆಯುವುದನ್ನು ಅವರು ಮಗುವಿನ ಹಾಗೆ ಕೇಳಿಸಿಕೊಳ್ಳುತ್ತಿದ್ದರು.

“ನೋಡೇ, ಹೇಗೆ ನೋಡ್ತಾಳೆ ನನ್ನ!” ಎಂದು ಟೀಚರ್ ನಕ್ಕರು. “ಕದ್ದು ತಿಂತಿಲ್ಲ ಕಣೇ. ಅದೆಲ್ಲ ಮುಗೀತು. ಮಾತ್ರೆಗೂ ನನಗೂ ಸಂಬಂಧ ಇಲ್ಲ ಈಗ.”

“ನಮ್ಮ ಟೀಚರ್‌ಗೆ ಈಗ ಹದಿನೆಂಟು ವರ್ಷ. ಗಂಡು ನೋಡ್ತಿದೀವಿ,” ಎಂದಳು ಲೆಂಚೆ. ಪಕ್ಕದ ಮನೆಯವಳು, ತಗಡಿನ ಒಲೆಯ ಮುಂದೆ ಕಾಲು ಅಗಲಿಸಿ ಕೂತು ಇಕ್ಕಳ ಪಕ್ಕದಲ್ಲಿದ್ದರೂ ದಪ್ಪ ಮೆಣಸಿನಕಾಯಿಗಳನ್ನು ಕೈಯಿಂದಲೇ ತಿರುವಿ ಹಾಕುತ್ತಿದ್ದಳು, ಬೆರಳು ಸುಡುವುದೆಂಬುದೇ ಅವಳಿಗೆ ಗೊತ್ತಿಲ್ಲವೇನೋ. “ನೀನು ಬಾಯಿ ತೆರಕೊಂಡು ಕೂತ್ರೆ ಈ ಮೂವತ್ತು ಕಿಲೋ ಸುಲಿಯೋರು ಯಾರು? ಒಂದೊಂದು ಮೆಣಸಿನಕಾಯಿಗೂ ತಲೆ ಬಾಚಿ ಜಡೆ ಹಾಕ್ತಾಳೆ, ಓದಿದ ಹುಡುಗಿ.”

ನೆವೆಂಕಾ ತಲೆ ತಗ್ಗಿಸಿ ಸುಲಿದಳು. ಕಪ್ಪಾದ ಸಿಪ್ಪೆ ಸರ್ರನೆ ಬಂದು ಒಳಗಿನ ಕೆಂಪು ಬರಿಮೈ ಹೊರಬೀಳುವಾಗ ಪ್ರತಿ ವರ್ಷವೂ ಅವಳಿಗೆ ಒಂದು ಸುಖವಾಗುತ್ತಿತ್ತು. ಚಳಿಗಾಲಕ್ಕೆ ಚಟ್ನಿ ಮಾಡಿಡಲು ಸೆಪ್ಟೆಂಬರ್ ತಿಂಗಳಲ್ಲಿ ಊರಿನ ಎಲ್ಲ ಅಂಗಳದಲ್ಲೂ ಇದೇ ಹೊಗೆ, ಇದೇ ವಾಸನೆ. ರಾಜಧಾನಿ ಸ್ಕೋಪಿಯೆಯಲ್ಲಿ ಓದುತ್ತಿದ್ದ ನಾಲ್ಕು ವರ್ಷವೂ ಬಸ್ಸಿನಿಂದಿಳಿದ ಕೂಡಲೇ ಈ ವಾಸನೆ ಮೂಗಿಗೆ ಬಡಿದು ಅವಳಿಗೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಆದರೆ ಈಗ ಅವಳ ಕಣ್ಣು ಟೀಚರ್ ಕಾಲಿನ ಮೇಲಿತ್ತು. ಬಟ್ಟೆಯ ಚಪ್ಪಲಿಯ ಮುಂಭಾಗವನ್ನು ಕತ್ತರಿಯಿಂದ ಕತ್ತರಿಸಿದ್ದರು. ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿತ್ತು, ಅದರ ಅಂಚಿನಲ್ಲಿ ಹಳದಿಯೂ ಅಲ್ಲದ ಕಂದೂ ಅಲ್ಲದ ಒಂದು ಕಲೆ. ಬಣ್ಣ ನೋಡಿದ ಕ್ಷಣವೇ ಅವಳಿಗೆ ವಾಸನೆ ನೆನಪಾಯಿತು, ಮುಲಾಮಿನದು, ಎರಡನೆಯ ಮಹಡಿಯ ಮುಚ್ಚಿದ ಕಿಟಕಿಯದು.

“ಕಾಲಿಗೇನಾಯ್ತು ಟೀಚರ್?”

“ಹೊಸ ಚಪ್ಪಲಿ ಕಚ್ಚಿತು. ನೋವೇನಿಲ್ಲ. ಒಂಚೂರೂ ಇಲ್ಲ.”

ನೋವಿಲ್ಲ ಎಂಬ ಮಾತೇ ಎಲ್ಲಕ್ಕಿಂತ ಕೆಟ್ಟದ್ದೆಂದು ನೆವೆಂಕಾಳಿಗೆ ಗೊತ್ತಿತ್ತು. ಅಜ್ಜಿಯೂ ಹಾಗೇ ಅಂದಿದ್ದಳು. ನೆವೆಂಕಾ ಮುಂದಿನ ಪ್ರಶ್ನೆ ಕೇಳುವಷ್ಟರಲ್ಲಿ ಟೀಚರ್ ಎದ್ದು, ಕುಂಟಿಕೊಂಡು, ಒಳಗಿನಿಂದ ಒಂದು ಚಹಾದ ಪಾತ್ರೆ ತಂದಿದ್ದರು. ಮುಚ್ಚಳ ತೆಗೆದರೆ ಅಕ್ರೋಟಿನ ಎಲೆಯ ಕಹಿ ಘಾಟು. “ಪೆತ್ರೋವ್‌ದೆನ್ ಹಬ್ಬದ ದಿನದಿಂದ, ಎರಡು ತಿಂಗಳಾಯ್ತು, ಒಂದು ಮಾತ್ರೆ ಮುಟ್ಟಿಲ್ಲ,” ಎಂದರು. “ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಡಾಕ್ಟರ್ ನಾದಿಯಾ ವೆಲ್ಕೋವಾ ಬರೆದಿದಾರೆ. ಓದಿಲ್ವಾ ನೀನು? ಆಹಾ, ಏನು ಬರವಣಿಗೆ ಅಂತೀಯ!”

ಓದಿರಲಿಲ್ಲ, ಬರೆದಿದ್ದಳು. ಎರಡು ವರ್ಷದ ಹಿಂದಿನ ಫೆಬ್ರವರಿಯಲ್ಲಿ, ಬಸ್ ನಿಲ್ದಾಣದ ಎದುರು ಮುಚ್ಚಿಹೋದ ಪೀಠೋಪಕರಣದ ಅಂಗಡಿಯ ಮೇಲಿನ ಕೋಣೆಯಲ್ಲಿ, ಬೆರಳ ತುದಿ ಹರಿದ ಉಣ್ಣೆಯ ಗವಸು ಹಾಕಿಕೊಂಡು. ಪದವಿ ಮುಗಿಸಿ ಮೂರು ವರ್ಷ ಅಮ್ಮನ ಮುಖ ನೋಡುತ್ತ ಕೂತವಳಿಗೆ ಸಹಪಾಠಿ ಮೆತೋದಿ ಕೊಟ್ಟ ಕೆಲಸ, ಅವನ ಇಂಟರ್ನೆಟ್ ಪುಟಕ್ಕೆ ಆರೋಗ್ಯದ ಲೇಖನ ಬರೆಯುವುದು. ಜನ ಎಷ್ಟು ನೋಡುತ್ತಾರೋ ಅಷ್ಟು ಜಾಹೀರಾತಿನ ದುಡ್ಡು, ಅಷ್ಟೇ ಅದರ ತಿರುಳು. ಬರೆದದ್ದು ನಿಜವೋ ಸುಳ್ಳೋ ಎಂಬ ಮಾತು ಆ ಕೋಣೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ, ಅಸಭ್ಯ ಮಾತಿನ ಹಾಗೆ ಎಲ್ಲರೂ ಅದನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದರು. ವೈದ್ಯೆಯ ಹೆಸರನ್ನು ಅವಳೇ ಇಟ್ಟಳು. ಮುಖವನ್ನು ಮೆತೋದಿ ಎಲ್ಲಿಂದಲೋ ತಂದ, ಬಿಳಿ ಕೋಟು, ನರೆತ ಕೂದಲು, ಅಮ್ಮನಂಥ ನಗು. ಮೊದಲ ಕರಡನ್ನು ಓದಿ ಅವನು ಕುರ್ಚಿ ತಿರುಗಿಸಿದ್ದ. “ಇದು ಪಾಠ ಆಯ್ತು ಮಾರಾಯ್ತಿ. ಪಾಠ ಯಾರು ಓದ್ತಾರೆ? ಒಬ್ಬ ಅಜ್ಜೀನ ಹಾಕು. ಅಜ್ಜಿ ಇಲ್ದೆ ಯಾರೂ ಅಳಲ್ಲ, ಅಳದೇ ಯಾರೂ ಇನ್ನೊಬ್ರಿಗೆ ಕಳಿಸಲ್ಲ.” ಹಾಗೆ ಅವಳು ಅಜ್ಜಿಯನ್ನು ಹಾಕಿದಳು. ಬೆಟ್ಟದ ಮೇಲಿನ ಕಲ್ಲುಮನೆ, ಬಾಗಿಲಿಗೆ ಎದುರಾಗಿ ಅಕ್ರೋಟಿನ ಮರ, ಸೂರ್ಯ ಹುಟ್ಟುವ ಮೊದಲು ಯಾರ ಹತ್ತಿರವೂ ಮಾತಾಡದೆ ಕೊಯ್ದ ಎಲೆ. ಮೊದಲ ಹಿಮ ಬಿದ್ದ ಬೆಳಿಗ್ಗೆ ಬರಿಗಾಲಲ್ಲಿ ಅಂಗಳ ಸುತ್ತುವ, ತೊಂಬತ್ತನಾಲ್ಕು ವರ್ಷ ಬದುಕಿದ, ಸಾಯುವ ಹಿಂದಿನ ದಿನವೂ ಮದುವೆಮನೆಯಲ್ಲಿ ಕುಣಿದ ಅಜ್ಜಿ. ಬರೆಯುತ್ತ ಬರೆಯುತ್ತ ಅವಳಿಗೆ ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಬಹಳ ದಿನದಿಂದ ಬೀಗ ಹಾಕಿದ್ದ ಮನೆಗೆ ಹೋಗಿ ಬಂದಂತೆ ಅನ್ನಿಸಿತ್ತು. ಆಮೇಲೆ ಕೆಳಗೆ ನೂರಾರು ಜನ, ಸಾವಿರಾರು ಜನ, ‘ನಮ್ಮಜ್ಜಿಯೂ ಹೀಗೇ ಇದ್ದಳು’ ಎಂದು ಬರೆದದ್ದನ್ನು ಹಾಸಿಗೆಯಲ್ಲಿ ಮಲಗಿ ಒಂದೊಂದಾಗಿ ಓದಿದ್ದಳು. ಯಾರೊಬ್ಬರೂ ಅವಳನ್ನು ಅಷ್ಟು ಹೊಗಳಿರಲಿಲ್ಲ. ಅಲ್ಲ, ಒಬ್ಬರು ಹೊಗಳಿದ್ದರು. ಅವರು ಈಗ ಎದುರು ಕೂತು ಆ ಕಷಾಯ ಕುಡಿಯುತ್ತಿದ್ದರು.

ಕೆಲಸ ಬಿಟ್ಟದ್ದಾದರೂ ಏತಕ್ಕೆ? ಮನಸ್ಸಾಕ್ಷಿ ಕುಟುಕಿ ಅಲ್ಲ. ಮೆತೋದಿಗೆ ಬೇಜಾರಾಗಿ ಕಾರು ಮಾರುವ ವ್ಯಾಪಾರಕ್ಕೆ ಹೋದ, ಕೋಣೆಗೆ ಬೀಗ ಬಿತ್ತು, ಅಷ್ಟೇ. ಬರೆದದ್ದು ಮಾತ್ರ ಬೀಗದಾಚೆ ಓಡಾಡಿಕೊಂಡಿತ್ತು.

“ಟೀಚರ್,” ಎಂದಳು ನೆವೆಂಕಾ. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ. “ಆ ಡಾಕ್ಟರ್... ಅಂಥ ಡಾಕ್ಟರೇ ಇಲ್ಲ ಅಂತ ಎಲ್ಲೋ ಓದಿದ ನೆನಪು.”

“ಬಂದ್ಲು ನೋಡಿ!” ಲೆಂಚೆ ಇಕ್ಕಳ ಎತ್ತಿದಳು. “ಅವರೇ ಬರೆದಿದಾರಲ್ಲೇ ಕೊನೇಲಿ, ‘ಇದು ಸುಳ್ಳು ಅಂತ ಹೇಳೋರು ಬಂದೇ ಬರ್ತಾರೆ, ಅವರು ಯಾರ ಸಂಬಳ ತಿಂತಾರೆ ಅಂತ ಕೇಳಿ’ ಅಂತ. ನಿಂಗ್ಯಾರು ಕೊಡ್ತಾರೆ ಸಂಬಳ? ಔಷಧಿ ಕಂಪನಿಯೋರಾ?” ಎಂದು ತನ್ನ ಮಾತಿಗೆ ತಾನೇ ನಕ್ಕಳು.

ಆ ಸಾಲೂ ನೆವೆಂಕಾಳದೇ. ‘ಬೇಲಿ’ ಎನ್ನುತ್ತಿದ್ದ ಮೆತೋದಿ ಅದಕ್ಕೆ. ಕೊನೆಗೊಂದು ಬೇಲಿ ಹಾಕು, ಯಾರೂ ಒಳಗೆ ಬರಬಾರದು. ಒಳ್ಳೆಯ ಬೇಲಿ ಹಾಕಿದ್ದಳು. ತಾನೇ ಹೊರಗೆ ನಿಂತಿದ್ದಳು ಈಗ. ಮೆಣಸಿನಕಾಯಿಗೆ ಅಂಟಿದ ಬೀಜ ತೊಳೆಯಲು ಅವಳು ನೀರಿನ ಚೊಂಬಿಗೆ ಕೈ ಹಾಕಿದಳು, “ತೊಳೀಬೇಡ್ವೇ, ರುಚಿಯೆಲ್ಲ ಹೋಗತ್ತೆ!” ಎಂದು ಲೆಂಚೆ ಗದರಿದಳು, ಇಪ್ಪತ್ತೇಳು ವರ್ಷದ ಹೆಣ್ಣಿಗೆ ಇಷ್ಟೂ ತಿಳಿಯದೇ ಎಂಬಂತೆ. ನೆವೆಂಕಾಳ ಕಿವಿ ಬಿಸಿಯಾಯಿತು. ಇಷ್ಟು ದೊಡ್ಡ ತಪ್ಪಿನ ನಡುವೆ ಇಷ್ಟು ಸಣ್ಣ ತಪ್ಪಿಗೆ ನಾಚಿಕೆಯಾಗುತ್ತದಲ್ಲ ಎಂದು ಇನ್ನೊಂದು ನಾಚಿಕೆಯಾಯಿತು.

“ಲೆಂಚೆ ಹೇಳೋದಿರಲಿ,” ಎಂದರು ಟೀಚರ್, ಸಮಾಧಾನವಾಗಿ, ತರಗತಿಯಲ್ಲಿ ಹೊಸ ಪಾಠ ಶುರುಮಾಡುವವರ ಹಾಗೆ. “ಮೊದಲು ನಾನೂ ನಂಬಲಿಲ್ಲ. ಒಬ್ಬರ ಮಾತು ಮಾತಲ್ಲ. ನಾನೇ ತಾನೆ ನಿಮಗೆ ಕಲಿಸಿದ್ದು? ಒಂದು ಸಾಕ್ಷಿ ಸಾಕ್ಷಿಯಲ್ಲ, ಎರಡು ಬೇಕು, ಅವು ಒಂದನ್ನೊಂದು ನೋಡಿರಬಾರದು. ಓದ್ತಾ ಓದ್ತಾ ನಂಗೆ, ಇದೆಲ್ಲೋ ಕೇಳಿದೀನಲ್ಲ, ಈ ಅಕ್ರೋಟಿನ ಮರ, ಈ ಹಿಮ, ಈ ಬರಿಗಾಲು ಎಲ್ಲಾನೂ, ಅನ್ನಿಸ್ತು. ಮೂರು ದಿನ ತಲೆ ಕೆರಕೊಂಡೆ. ಆಮೇಲೆ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ.” ಅವರು ಏಪ್ರನ್ನಿನ ಜೇಬಿನಿಂದ ನಾಲ್ಕಾಗಿ ಮಡಿಸಿದ ನೋಟುಪುಸ್ತಕದ ಹಾಳೆಯನ್ನು ತೆಗೆದರು. ಇವತ್ತು ತೋರಿಸಲೆಂದೇ ಇಟ್ಟುಕೊಂಡಿದ್ದರು. “ನಾಲ್ಕನೇ ತರಗತಿ. ‘ನನ್ನ ಅಜ್ಜಿ’. ಯಾರ ಅಕ್ಷರ ಹೇಳು?”

ದುಂಡನೆಯ ನೀಲಿ ಅಕ್ಷರ. ಕೆಳಗೆ ಕೆಂಪಿನಲ್ಲಿ ಐದು ಅಂಕ, ಐದಕ್ಕೆ ಐದು, ಪಕ್ಕದಲ್ಲಿ ಟೀಚರ್ ಸಹಿ.

“ಆ ಡಾಕ್ಟರ್ ಅಜ್ಜೀನೂ ನಿಮ್ಮಜ್ಜಿ ಮಿತ್ರಾನೂ ಒಂದೇ ಬೆಟ್ಟದ ಕಡೆಯೋರಿರಬೇಕು. ಅಲ್ಲಿನ ಪದ್ಧತಿ ಅದು. ಹದಿನೇಳು ವರ್ಷದ ಹಿಂದೆ ಹತ್ತು ವರ್ಷದ ಮಗು ಬರೆದದ್ದು, ಈಗ ಓದಿದ ಡಾಕ್ಟರ್ ಬರೆದದ್ದು, ಎರಡೂ ಕೂಡಿಬರತ್ತೆ ಅಂದ್ರೆ? ಡಾಕ್ಟರ್ ಸುಳ್ಳು ಹೇಳ್ಬಹುದು ಕಣೇ. ನೀನು ಹೇಳಲ್ಲ.”

ಒಲೆಯ ಮೇಲೆ ಮೆಣಸಿನಕಾಯಿ ಚಟಪಟ ಸಿಡಿಯುತ್ತಿತ್ತು. ಆ ತರಗತಿಯಲ್ಲೂ ಚಳಿಗಾಲವಿಡೀ ಒಲೆ ಹೀಗೇ ಸಿಡಿಯುತ್ತಿತ್ತು, ಒದ್ದೆ ಕೋಟುಗಳಿಂದ ಹಬೆಯೇಳುತ್ತಿತ್ತು, ಮಧ್ಯಾಹ್ನ ಪಿಂಗಾಣಿ ಕಾರ್ಖಾನೆಯ ಸೈರನ್ ಕೂಗಿದಾಗ ಟೀಚರ್ ಸೀಮೆಸುಣ್ಣ ಕೆಳಗಿಟ್ಟು ಅದು ಮುಗಿಯುವ ತನಕ ಕಾಯುತ್ತಿದ್ದರು, ದೊಡ್ಡವರು ಮಾತಾಡುವಾಗ ಕಾಯುವ ಹಾಗೆ. ನೆವೆಂಕಾ ಒಮ್ಮೆ ಹಂಗೇರಿಯ ರಾಜಧಾನಿಯ ಹೆಸರು ತಪ್ಪು ಹೇಳಿ ಅತ್ತಿದ್ದಳು. ಟೀಚರ್ ಪಕ್ಕದಲ್ಲಿ ಕೂತು, ತಪ್ಪು ಬೇರೆ, ಸುಳ್ಳು ಬೇರೆ ಅಂದಿದ್ದರು. ತಪ್ಪು ಹೇಳಿದವಳಿಗೆ ಸರಿ ಯಾವುದು ಅಂತ ಗೊತ್ತಿರಲ್ಲ ಮಗು, ಸುಳ್ಳು ಹೇಳೋಳಿಗೆ ಗೊತ್ತಿರತ್ತೆ. ಅದಕ್ಕೆ ತಪ್ಪಿಗೆ ಅಳಬಾರದು. ಅದಾಗಿ ಒಂದು ತಿಂಗಳಿಗೇ ಅವಳು ‘ನನ್ನ ಅಜ್ಜಿ’ ಬರೆದದ್ದು. ಅಜ್ಜಿ ಮಿತ್ರಾ ಆಗ ಬೆಟ್ಟದ ಮೇಲಿರಲಿಲ್ಲ, ಎಂದೂ ಇದ್ದವಳಲ್ಲ. ಶಾಲೆಯ ಅಂಗಳಕ್ಕೆ ಎದುರಾದ ಕಟ್ಟಡದ ಎರಡನೆಯ ಮಹಡಿಯಲ್ಲಿ, ನೆವೆಂಕಾಳ ಮನೆಯ ಅಡುಗೆಕೋಣೆಯ ಸೋಫಾದ ಮೇಲೆ ಇದ್ದಳು. ಸಕ್ಕರೆ ತಿಂದುಹಾಕಿದ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದಿದ್ದರು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳು, ಸಿಕ್ಕಿಬಿದ್ದರೆ ಗೋಡೆಯ ಮೇಲಿನ ಸಂತನನ್ನೇ ಸಾಕ್ಷಿಗೆ ಕರೆಯುತ್ತಿದ್ದಳು. ದಿಂಬಿನ ಕೆಳಗೆ ಮಿಠಾಯಿ ಬಚ್ಚಿಟ್ಟು ಮೊಮ್ಮಗಳ ಮೇಲೆ ಹೊರಿಸುತ್ತಿದ್ದಳು. ಗೆಳತಿಯರು ಮನೆಗೆ ಬರುತ್ತೇವೆಂದರೆ ನೆವೆಂಕಾ, ಅಮ್ಮನಿಗೆ ಹುಷಾರಿಲ್ಲ, ಎನ್ನುತ್ತಿದ್ದಳು. ಪ್ರಬಂಧಕ್ಕೆ ಬಹುಮಾನ ಬಂದು, ಅಜ್ಜಿಯನ್ನು ಕರಕೊಂಡು ಬಾ ಎಂದು ಟೀಚರ್ ಹೇಳಿದಾಗ, ‘ಅಜ್ಜಿ ಬೆಟ್ಟದಲ್ಲಿದಾರೆ, ಹಿಮ ಬಿದ್ದು ದಾರಿ ಮುಚ್ಚಿದೆ’ ಎಂದಿದ್ದಳು. ಅಂಗಳದಲ್ಲಿ ಮೈಕು ಹಾಕಿ ಅವಳಿಂದಲೇ ಪ್ರಬಂಧ ಓದಿಸಿದರು. ಓದುವಷ್ಟು ಹೊತ್ತೂ ಎರಡನೆಯ ಮಹಡಿಯ ಆ ಕಿಟಕಿಯ ಕಡೆ ಅವಳು ಕತ್ತೆತ್ತಲಿಲ್ಲ. ಮನೆಗೆ ಬಂದರೆ ಅಜ್ಜಿ ಇಸ್ಪೀಟು ಕಲೆಸುತ್ತ ಕೂತಿದ್ದಳು. “ಎಲ್ಲಾ ಕೇಳಿಸ್ತು,” ಎಂದಳು. “ಚೆನ್ನಾಗಿದ್ದಾಳೆ ಆ ಮುದುಕಿ. ಯಾರೇ ಅವಳು? ನಂಗೂ ಪರಿಚಯ ಮಾಡ್ಸು.” ಅಷ್ಟೇ. ಎಲೆ ಹಂಚಿದಳು. ಆವತ್ತು ಮೋಸ ಮಾಡದೆ ಆಡಿ ಸೋತಳು. ಮರುವರ್ಷ ಸತ್ತಳು, ಅರವತ್ತೊಂದು ವಯಸ್ಸು. ಆಮೇಲೆ ನೆನಪಿಸಿಕೊಳ್ಳಬೇಕಾದಾಗಲೆಲ್ಲ ನೆವೆಂಕಾಳಿಗೆ ಬೆಟ್ಟದ ಅಜ್ಜಿಯೇ ಮೊದಲು ಬರುತ್ತಿದ್ದಳು, ಹಿಮದಲ್ಲಿ ಎರಡು ಕಾಲೂರಿಕೊಂಡು.

“ನಮ್ಮಮ್ಮಂಗೂ ಕುಡಿಸ್ತಿದೀನಿ,” ಎನ್ನುತ್ತಿದ್ದಳು ಲೆಂಚೆ. “ಟೀಚರ್ ಫೋನಿಲ್ಲದ ಮುದುಕರಿಗೆಲ್ಲ ಕೈಯಲ್ಲೇ ಬರೆದು ಕೊಟ್ಟಿದಾರೆ, ಒಂಬತ್ತು ಮನೆಗೆ. ಮುತ್ತಿನಂಥ ಅಕ್ಷರ. ಡಾಕ್ಟರ ಚೀಟಿ ಓದಕ್ಕಾಗತ್ತಾ ಹೀಗೆ?”

ಒಂಬತ್ತು ಮನೆ. ಏನು ಹೇಳಿದರೆ ಇವರು ನಂಬುತ್ತಾರೆಂದು ನೆವೆಂಕಾಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷ ಅದನ್ನೇ ತಾನೆ ಕಲಿತದ್ದು. ಪ್ರಿಲೆಪ್ ಪಟ್ಟಣದಲ್ಲಿ ನಮ್ಮ ಅತ್ತಿಗೆಯ ತಂಗಿ ಇದೇ ಕಷಾಯ ಕುಡಿದು ಸತ್ತಳು. ಮೂರು ಮಕ್ಕಳು. ಕೊನೆಯವನಿಗೆ ಇನ್ನೂ ಮಾತು ಬಂದಿರಲಿಲ್ಲ. ಸುದ್ದಿ ಕೇಳಿ ಹೋಗುವಷ್ಟರಲ್ಲಿ ಬಾಗಿಲಿಗೆ ಸಾವಿನ ಕಪ್ಪು ಬಟ್ಟೆ ಕಟ್ಟಿದ್ದರು. ವಾಕ್ಯ ವಾಕ್ಯವಾಗಿ ನಾಲಗೆಯ ತುದಿಗೆ ಬಂದು ನಿಂತಿತು, ಎಷ್ಟು ಸಲೀಸಾಗಿ, ಬೆಳಿಗ್ಗೆಯಿಂದ ಒಂದು ನಿಜವೂ ಹೊರಡದ ಬಾಯಿಗೆ. “ಪ್ರಿಲೆಪಿನಲ್ಲಿ...” ಎಂದಳು. ಅಷ್ಟಕ್ಕೇ ಟೀಚರ್ ಲೋಟವನ್ನು ಕೆಳಗಿಟ್ಟರು. ಮುಂದಕ್ಕೆ ಬಾಗಿದರು. ಅವರ ಮುಖ ನಂಬಲು ಸಿದ್ಧವಾಗುತ್ತಿತ್ತು. ಬಾಗಿಲು ತೆರೆದು, ದಾರಿ ಬಿಟ್ಟು, ಬಂದವರಿಗೆ ತಟ್ಟೆ ತರಲು ಹೊರಟ ಮನೆಯಂತೆ. ಆ ಮುಖವನ್ನು ನೆವೆಂಕಾಳಿಗೆ ನೋಡಲಾಗಲಿಲ್ಲ. ಎರಡು ಲಕ್ಷ ಜನ ಓದಿದರೆಂದು ಮೆತೋದಿ ಕುಣಿದಾಗ ಅವಳಿಗೆ ಕಾಣದೇ ಇದ್ದದ್ದು ಇದು. ಇಂಥ ಎರಡು ಲಕ್ಷ ಮುಖ.

“ಪ್ರಿಲೆಪಿನಲ್ಲಿ ಏನೇ?” ಎಂದಳು ಲೆಂಚೆ.

“ಏನಿಲ್ಲ. ಅದು ಸುಳ್ಳು.” ಕೈಯಲ್ಲಿದ್ದ ಚಾಕುವನ್ನು ಅವಳು ಬೋಗುಣಿಯ ಪಕ್ಕಕ್ಕಿಟ್ಟಳು. “ನಮ್ಮಜ್ಜಿ ಕಾಲು ತೆಗೆದಿದ್ರು ಟೀಚರ್. ಸಕ್ಕರೆ ಕಾಯಿಲೆಗೆ. ಬಲಗಾಲು. ಅರವತ್ತೊಂದು ವರ್ಷಕ್ಕೆ ಹೋದ್ರು. ಬೆಟ್ಟ ಇಲ್ಲ, ಮರ ಇಲ್ಲ. ಶಾಲೆ ಎದುರಿನ ಕಟ್ಟಡದಲ್ಲಿದ್ರು. ನಂಗೆ ನಾಚಿಕೆ ಆಗ್ತಿತ್ತು. ಅದಕ್ಕೆ ಹಾಗೆ ಬರೆದೆ.”

ಟೀಚರ್ ಹಾಳೆಯನ್ನು ನೋಡಿದರು, ಅವಳನ್ನಲ್ಲ.

“ಎಲ್ಲಾನೂ?”

“ಎಲ್ಲಾನೂ. ಹೆಸರೊಂದು ಬಿಟ್ಟು.”

“ಡಾಕ್ಟರು?”

“ನಾನೇ.” ಇನ್ನೂ ಅರ್ಥವಾಗಿರಲಾರದೆಂದು ಮತ್ತೆ ಹೇಳಿದಳು. “ಮೆತೋದಿ ಹತ್ರ ಕೆಲಸ ಮಾಡ್ತಿದ್ದೆನಲ್ಲ, ಕಚೇರಿ ಕೆಲಸ ಅಂತಿದ್ದೆನಲ್ಲ. ಅದೇ. ಆ ಹೆಸರು ನಾನಿಟ್ಟದ್ದು, ಅಜ್ಜಿ ಕಥೆ ನಾನು ಬರೆದದ್ದು. ಎಲೆಯಿಂದ ಏನೂ ಆಗಲ್ಲ. ಆಗತ್ತೋ ಇಲ್ವೋ ಅಂತ ನೋಡೋಕೂ ಹೋಗ್ಲಿಲ್ಲ ನಾನು. ಯಾರೂ ಹೋಗ್ಲಿಲ್ಲ.”

ಕೆಂಡದ ಮೇಲೆ ಒಂದು ಮೆಣಸಿನಕಾಯಿ ಕರಕಲಾಗುತ್ತಿತ್ತು, ಯಾರೂ ತಿರುಗಿಸಲಿಲ್ಲ. ಲೆಂಚೆ ಎದ್ದು ನಿಂತಳು, ಇಕ್ಕಳ ಕೈಯಲ್ಲೇ ಇತ್ತು. ಹೊಡೆಯುತ್ತಾಳೇನೋ ಅನ್ನಿಸಿತು, ಹೊಡೆದರೆ ಒಳ್ಳೆಯದೆಂದೂ ಅನ್ನಿಸಿತು. “ಹಾಳಾದೋಳೇ,” ಎಂದಳು, ಕೂಗಲಿಲ್ಲ, ಉಸಿರು ಸಿಗದವಳ ಹಾಗೆ. “ನಮ್ಮಮ್ಮಂಗೆ ಎರಡು ತಿಂಗಳಿಂದ ನನ್ನ ಕೈಯಾರೆ ಕುಡಿಸ್ತಿದೀನಲ್ಲೇ. ಬೇಡ ಕಹಿ ಅಂದ್ರೂ ಮೂಗು ಹಿಡಿದು ಕುಡಿಸ್ತಿದೀನಲ್ಲೇ. ನಿನ್ನ ಕೈಗೆ ಏನ್ ಬಂದಿತ್ತು? ಮನೇಲಿ ಅನ್ನಕ್ಕಿಲ್ದೆ ಇದ್ಯಾ ನೀನು?” ಅನ್ನಕ್ಕೆ ಕೊರತೆಯೇನೂ ಇರಲಿಲ್ಲ. ಲೆಂಚೆ ಗೇಟಿನ ತನಕ ಓಡಿ, ಮತ್ತೆ ತಿರುಗಿ ಬಂದು, ಟೀಚರ್ ಮುಂದೆ ಕೈ ಚಾಚಿದಳು. “ಯಾವ ಮನೆಗೆಲ್ಲ ಕೊಟ್ಟಿದೀರಿ ಹೇಳಿ ಟೀಚರ್. ನಾನೇ ಹೋಗ್ತೀನಿ. ಇವಳು ಹೋದ್ರೆ ಬಾಗಿಲಲ್ಲಿ ನಿಂತು ನೆಲ ಕೆರೀತಾಳೆ. ಸುಳ್ಳಿಗೆ ಇವಳ ಬರವಣಿಗೆ ಸಾಕಾಯ್ತು, ನಿಜಕ್ಕೆ ನನ್ನ ಬಾಯೇ ಬೇಕು.”

ಟೀಚರ್ ಒಂದೊಂದೇ ಹೆಸರು ಹೇಳಿದರು. ಹಾಜರಿ ಕರೆಯುವ ಧ್ವನಿಯಲ್ಲೇ ಶುರುಮಾಡಿದ್ದು ಆರನೆಯ ಹೆಸರಿಗೆ ಬರುವಾಗ ಮುರಿಯಿತು. “ಸ್ಪಾಸಿಯಾ ಬರೆದು ಕೊಟ್ಟದ್ದು ತಪ್ಪು ಅಂತ ಮೊದಲು ಹೇಳು,” ಎಂದರು. “ಅವರಿಗೆ ಆ ಡಾಕ್ಟರ್ ಗೊತ್ತಿಲ್ಲ. ನನ್ನ ಅಕ್ಷರ ನೋಡಿ ನಂಬಿದೋರು.” ಲೆಂಚೆ ಹೋದ ಮೇಲೆ ಅಂಗಳದಲ್ಲಿ ಹೊಗೆ ಮಾತ್ರ ಉಳಿಯಿತು. ಟೀಚರ್ ಹಾಳೆಯನ್ನು ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿದರು. ಹದಿನೇಳು ವರ್ಷ ಜೋಪಾನ ಮಾಡಿದವರಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. “ಹಾಗಾದ್ರೆ ಇಬ್ಬರಿರಲಿಲ್ಲ,” ಎಂದರು ಕೊನೆಗೆ. “ಒಬ್ಬಳೇ. ಎರಡು ಕಡೆ ನಿಂತಿದ್ಲು.” ಅವರು ಬೈಯಲಿ ಎಂದು ನೆವೆಂಕಾ ಕಾದಳು. ನಿಂಗೆ ಯಾಕೆ ಗೊತ್ತಾಗ್ಲಿಲ್ಲ ಸ್ಪಾಸಿಯಾ, ಎಂದು ಅವರು ತಮ್ಮನ್ನೇ ಕೇಳಿಕೊಳ್ಳುತ್ತಿದ್ದಾರೆಂದು ತಿಳಿದಾಗ ಅವಳಿಗೆ ಆದದ್ದು ಬೈಗುಳಕ್ಕಿಂತ ಹೆಚ್ಚಿನದು.

“ಆಸ್ಪತ್ರೆಗೆ ಹೋಗೋಣ ಟೀಚರ್. ಈಗಲೇ. ಆ ಕಾಲು ಚಪ್ಪಲಿ ಕಚ್ಚಿದ್ದಲ್ಲ. ನಾನು ನೋಡಿದೀನಿ ಅದನ್ನ. ನಿಜವಾಗ್ಲೂ ನೋಡಿದೀನಿ.”

“ನಿನ್ನ ಮಾತು ನಂಬಿ ಹೋಗ್ಬೇಕಾ ಈಗ ನಾನು?”

“ನಂಬ್ಬೇಡಿ. ಬಿಚ್ಚಿ ನೋಡಿ.”

ಟೀಚರ್ ಬಾಗಿ, ಬಟ್ಟೆಯ ಗಂಟನ್ನು ತಾವೇ ಬಿಚ್ಚಿದರು. ನೋಡಿದರು. ಕಪ್ಪು ಬಣ್ಣ ಹೆಬ್ಬೆರಳ ಬುಡದ ತನಕ ಹತ್ತಿತ್ತು. ಮತ್ತೆ ಸುತ್ತಿ, ಗೋಡೆಗೆ ಕೈಯೂರಿ ಎದ್ದು, ಒಳಗೆ ಹೋಗಿ ಏಪ್ರನ್ ಬಿಚ್ಚಿಟ್ಟು ಬಟ್ಟೆ ಬದಲಿಸಿ ಬಂದರು, ಶಾಲೆಗೆ ತೊಡುತ್ತಿದ್ದ ಬೂದು ಕೋಟು. ನೆವೆಂಕಾ ಒಲೆಯ ಕೆಂಡಕ್ಕೆ ನೀರು ಚೆಲ್ಲಿದಳು. ಬೀದಿಯಲ್ಲಿ ಅವಳು ಚಾಚಿದ ತೋಳನ್ನು ಟೀಚರ್ ಹಿಡಿಯಲಿಲ್ಲ. ಇಳಿಜಾರು ಬಂದಾಗ ಹಿಡಿದರು, ಸಮತಟ್ಟು ಬಂದಾಗ ಬಿಟ್ಟರು. ದಾರಿಯುದ್ದಕ್ಕೂ ಎರಡು ಬದಿಯ ಅಂಗಳಗಳಿಂದ ಮೆಣಸಿನಕಾಯಿ ಸುಡುವ ವಾಸನೆ. ಒಬ್ಬರು ಬೇಲಿಯಾಚೆಯಿಂದ, ಏನ್ ಟೀಚರ್, ಶನಿವಾರ ದಿನ ಕೋಟು ಹಾಕ್ಕೊಂಡು ಎಲ್ಲಿಗೆ, ಎಂದು ಕೇಳಿದರು. “ಪರೀಕ್ಷೆ,” ಎಂದರು ಟೀಚರ್. ಆ ದಾರಿಯಲ್ಲಿ ಅವರಾಡಿದ ಮಾತು ಅದೊಂದೇ.

ಆಸ್ಪತ್ರೆಯ ವೈದ್ಯೆ ನೆವೆಂಕಾಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಕೋಟಿನ ಮೇಲೆ ಕಾಫಿಯ ಕಲೆ. ಮೆತೋದಿ ಕಂಡಿದ್ದರೆ ಈ ಮುಖ ನಡೆಯಲ್ಲ ಅನ್ನುತ್ತಿದ್ದ. ಅವಳು ಬಟ್ಟೆ ಬಿಚ್ಚಿ ಬೆರಳನ್ನು ಒತ್ತಿದಳು, ನೋವಾಗುತ್ತಾ ಅಂದಳು, ಇಲ್ಲ ಎಂಬ ಉತ್ತರಕ್ಕೆ ತುಟಿ ಬಿಗಿದಳು. ಒಂದು ಹನಿ ರಕ್ತ ತೆಗೆದು ಸಣ್ಣ ಯಂತ್ರಕ್ಕೆ ಹಾಕಿ, ಬಂದ ಅಂಕೆಯನ್ನು ನೋಡಿ, ಇನ್ನೊಂದು ಸಲ ತೆಗೆದಳು. ಬೆರಳು ಹೋಗಬಹುದು, ಪಾದ ಉಳಿಸೋಕೆ ನೋಡೋಣ, ಇವತ್ತೇ ಸೇರಿಸ್ಕೋತೀವಿ ಎಂದಳು, ಒಂದೇ ಉಸಿರಿಗೆ, ಅಂದಗಾಣಿಸದೆ. ಆಮೇಲೆ ಬರೆಯಲು ಕೂತಳು.

“ಮಾತ್ರೆ ನಿಲ್ಲಿಸಿ ಎಷ್ಟು ದಿನ ಆಯ್ತಮ್ಮ?”

“ಒಂದು ವಾರ,” ಎಂದರು ಸ್ಪಾಸಿಯಾ ಟೀಚರ್. “ಮುಗಿದುಹೋಗಿತ್ತು. ತರೋಕೆ ಆಗ್ಲಿಲ್ಲ.”

ಅವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಕೈಗಳೆರಡೂ ಮಡಿಲಲ್ಲಿ. ಕೆನ್ನೆಯಲ್ಲಿ ಎರಡು ಕೆಂಪು ಚುಕ್ಕೆ ಎದ್ದಿದ್ದವು. ನಾಚಿಕೆಗೆ ಹಾಗೆ ಹೇಳಿದರೋ, ತನ್ನನ್ನು ಉಳಿಸಲೆಂದು ಹೇಳಿದರೋ ನೆವೆಂಕಾಳಿಗೆ ತಿಳಿಯಲಿಲ್ಲ. ಮೂವತ್ತೆಂಟು ವರ್ಷ ಮಕ್ಕಳ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳನ್ನು ಹೊರಗೆಳೆದವರು ಅದನ್ನು ಹೇಳುವುದು ಎಷ್ಟು ಕೆಟ್ಟದಾಗಿತ್ತು, ಎಷ್ಟು ಅಭ್ಯಾಸವಿಲ್ಲದ್ದು. ವೈದ್ಯೆ ಮಾತ್ರ ನಂಬಿ, ಪೆನ್ನನ್ನು ಹಾಳೆಗೆ ತಾಗಿಸಿದ್ದಳು.

“ಒಂದು ವಾರ ಅಲ್ಲ,” ಎಂದಳು ನೆವೆಂಕಾ. ಕೋಣೆಯಲ್ಲಿ ಅವಳ ದನಿ ಬೇರೆ ಯಾರದೋ ಎಂಬಷ್ಟು ಜೋರಾಗಿ ಕೇಳಿಸಿತು. “ಪೆತ್ರೋವ್‌ದೆನ್‌ನಿಂದ. ಜುಲೈ ಹನ್ನೆರಡು. ಮಾತ್ರೆ ಬೇಡ ಅಂತ ಹೇಳಿದ್ದು ನಾನು.”

ವೈದ್ಯೆ ತಲೆಯೆತ್ತಿದಳು. “ನೀವು ಡಾಕ್ಟರಾ?”

“ಅಲ್ಲ.”

“ಪೂರ್ತಿ ವಾಕ್ಯದಲ್ಲಿ ಹೇಳು,” ಎಂದರು ಟೀಚರ್. ಅವಳ ಕಡೆ ತಿರುಗಲಿಲ್ಲ, ಎದುರಿನ ಗೋಡೆಯನ್ನೇ ನೋಡುತ್ತಿದ್ದರು.

ನೆವೆಂಕಾ ಎದ್ದು ನಿಂತಳು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕಿರುಗುಟ್ಟಿತು. “ನಾನು ಡಾಕ್ಟರ್ ಅಲ್ಲ,” ಎಂದಳು. “ಡಾಕ್ಟರ್ ಹೆಸರಲ್ಲಿ ಬರೀತಿದ್ದೆ. ಅಕ್ರೋಟಿನ ಎಲೆ ಕುಡಿದು ನಮ್ಮಜ್ಜಿ ತೊಂಬತ್ತನಾಲ್ಕು ವರ್ಷ ಬದುಕಿದ್ಲು ಅಂತ ಬರೆದೆ. ಬದುಕಲಿಲ್ಲ. ನಮ್ಮಜ್ಜಿ ಹೆಸರು ಮಿತ್ರಾ. ಎರಡನೇ ಮಹಡಿಯಲ್ಲಿದ್ಲು, ಒಂದೇ ಕಾಲಿತ್ತು, ದಿಂಬಿನಡಿ ಮಿಠಾಯಿ ಇಟ್ಕೋತಿದ್ಲು, ಇಸ್ಪೀಟಲ್ಲಿ ನನ್ನ ಸೋಲಿಸ್ತಿದ್ಲು. ನಾನು ಶಾಲೇಲಿ ಏನೇನು ಓದಿದ್ರೂ ಕಿಟಕೀಲಿ ಕೂತು ಕೇಳ್ತಿದ್ಲು.” ಇನ್ನೂ ಇತ್ತು. ಬರುತ್ತಲೇ ಇತ್ತು, ಅಜ್ಜಿಯ ಬೈಗುಳ, ಅವಳ ಊರುಗೋಲಿನ ಸದ್ದು, ಸೋಲುವಾಗ ಅವಳು ಮುಖ ಆಚೆ ತಿರುಗಿಸುತ್ತಿದ್ದ ಬಗೆ, ಹದಿನೇಳು ವರ್ಷದಿಂದ ಯಾರಿಗೂ ಹೇಳಿರದದ್ದೆಲ್ಲ. ಹೊರಗೆ ಸರದಿಯಲ್ಲಿ ಯಾರೋ ಕೆಮ್ಮಿದರು.

ವೈದ್ಯೆ ಹಾಳೆಯ ಮೇಲೆ ಬಾಗಿ, ಕೇಳಿದ್ದರಲ್ಲಿ ಜುಲೈ ಹನ್ನೆರಡು ಎಂಬ ತಾರೀಕನ್ನು ಮಾತ್ರ ಬರೆದುಕೊಂಡಳು.